ರೈಸ್ ಮನೆತನ: ಬೆಂಗಳೂರಿನ ಪೇಟೆಯಿಂದ ಕಿಗ್ಗದ ಶಾಸನದವರೆಗೆ

ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ನರಸಿಂಹ ಪರ್ವತದ ಬುಡದಲ್ಲಿರುವ ಕಿಗ್ಗ ಗ್ರಾಮವು ಋಷ್ಯಶೃಂಗೇಶ್ವರನ ಕ್ಷೇತ್ರವೆಂದು, ಮಳೆ ಬಾರದಿದ್ದಾಗ ಬರಲೆಂದೂ ಅತಿಯಾದಾಗ ನಿಲ್ಲಲೆಂದೂ ಜನರು ಮೊರೆಯಿಡುವ ಸ್ಥಳವೆಂದು ಮಲೆನಾಡಿನಾಚೆಗೂ ಹೆಸರಾಗಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದೇ ಊರು ಇನ್ನೊಂದು ಕಾರಣಕ್ಕೆ ಪರಿಚಿತ. ಕರಾವಳಿಯನ್ನಾಳಿದ ಆಳುಪ ಅರಸರ ಕುರಿತು ದೊರೆತಿರುವ ಅತಿ ಹಳೆಯ ಬರಹಗಳಲ್ಲಿ ಕೆಲವು ಇಲ್ಲಿನ ಕಲ್ಲುಗಳ ಮೇಲಿವೆ. ಆ ಬರಹಗಳನ್ನು ಓದಿ, ಅಚ್ಚು ಹಾಕಿಸಿ, ನಾಡಿನ ಮುಂದಿಟ್ಟವರು ಬೆಂಜಮಿನ್ ಲೂಯಿ ರೈಸ್. ಅವರು ಇಂಗ್ಲಿಷ್ ಅಧಿಕಾರಿಯಾಗಿದ್ದರೂ ಹುಟ್ಟಿದ್ದು ಬೆಂಗಳೂರಿನಲ್ಲಿ, ಕನ್ನಡದ ಮಕ್ಕಳಿಗೆ ಪಾಠ ಹೇಳಲೆಂದು ಸಮುದ್ರ ದಾಟಿ ಬಂದ ಒಂದು ಮಿಷನರಿ ಕುಟುಂಬದಲ್ಲಿ. ಪೇಟೆಯ ಚಿಕ್ಕ ಶಾಲೆಗಳಲ್ಲಿ ಮೊದಲಾದ ಆ ಕುಟುಂಬದ ಕೆಲಸವು ಎರಡು ತಲೆಮಾರುಗಳಲ್ಲಿ ಕಿಗ್ಗದಂಥ ಊರುಗಳ ಕಲ್ಲುಗಳವರೆಗೆ ಹೇಗೆ ಬೆಳೆಯಿತೆಂಬುದು ಮಕ್ಕಳ ಶಿಕ್ಷಣದ ಬಗ್ಗೆ ಆಸಕ್ತಿಯುಳ್ಳ ಎಲ್ಲರೂ ತಿಳಿಯಬೇಕಾದ ಸಂಗತಿ.

ಮಿಷನರಿ ಎಂದರೆ ಕ್ರೈಸ್ತ ಧರ್ಮವನ್ನು ಬೋಧಿಸಲು ಒಂದು ಸಂಘದಿಂದ ನಿಯುಕ್ತರಾಗಿ ಹೊರನಾಡಿಗೆ ಹೋಗುವವರು. ಅಂಥ ಸಂಘಗಳಲ್ಲೊಂದಾದ ಲಂಡನ್ ಮಿಷನರಿ ಸೊಸೈಟಿ 1795ರಲ್ಲಿ ಹುಟ್ಟಿತು. ಕನ್ನಡ ನಾಡಿನಲ್ಲಿ ಅದರ ಮೊದಲ ನೆಲೆ ಬಳ್ಳಾರಿ. 1810ರಲ್ಲಿ ಅಲ್ಲಿ ಕೆಲಸ ಆರಂಭಿಸಿದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲನ್ನು ಅನುವಾದಿಸಿದರು. 1820ರ ಹೊತ್ತಿಗೆ ಸಂಘದ ಕೆಲಸ ಬೆಂಗಳೂರಿಗೂ ಹಬ್ಬಿತು. ತಂದೆ ಬೆಂಜಮಿನ್ ರೈಸ್ ಮತ್ತು ಅವರ ಪತ್ನಿ ಜೇನ್ ಈ ನೆಲೆಗೆ ಬಂದು ಸೇರಿದ ಕಾಲದಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್‌ರ ಕೈಯಲ್ಲಿತ್ತು. ಸರಕಾರಕ್ಕೆ ಶಿಕ್ಷಣ ಇಲಾಖೆಯೆಂಬುದೇ ಇರಲಿಲ್ಲ, ಅದು ರೂಪುಗೊಂಡದ್ದು 1857ರಲ್ಲಿ. 1837ರ ಜುಲೈ 17ರಂದು ದಂಪತಿಗಳಿಗೆ ಬೆಂಗಳೂರಿನಲ್ಲಿ ಗಂಡುಮಗು ಹುಟ್ಟಿತು. ಆ ಮಗುವೇ ಮುಂದೆ ಶಾಸನಗಳ ವಿದ್ವಾಂಸರಾದ ಲೂಯಿ ರೈಸ್.

ಮಿಷನರಿಗಳು ಬರುವ ಮೊದಲು ಇಲ್ಲಿ ಓದು ಬರಹವೇ ಇರಲಿಲ್ಲವೆಂದು ತಿಳಿಯುವುದು ತಪ್ಪು. ಊರೂರುಗಳಲ್ಲಿ ಕೂಲಿಮಠಗಳಿದ್ದವು. ಮಕ್ಕಳ ಮನೆಯವರು ಕೊಡುವ ದವಸಧಾನ್ಯ ಮತ್ತು ಪುಡಿಗಾಸಿನಿಂದ ಜೀವನ ಸಾಗಿಸುತ್ತಿದ್ದ ಐಗಳು ಜಗುಲಿಯ ಮೇಲೋ ದೇವಸ್ಥಾನದ ಪೌಳಿಯಲ್ಲೋ ಹುಡುಗರನ್ನು ಕೂರಿಸಿಕೊಂಡು, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸಿ, ಮಗ್ಗಿಯನ್ನು ಗಟ್ಟಿಯಾಗಿ ಹೇಳಿಸುತ್ತಿದ್ದರು. ಕೈ ಪಳಗಿದ ಹುಡುಗರು ಬಟ್ಟೆಗೆ ಕಪ್ಪು ಲೇಪ ಬಳಿದು ಮಡಿಕೆ ಮಡಿಕೆಯಾಗಿ ಜೋಡಿಸಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಲೆಕ್ಕ, ಪತ್ರ ಬರೆಯುವ ಕ್ರಮ, ಅಮರಕೋಶ, ಜೈಮಿನಿ ಭಾರತದ ಪದ್ಯಗಳು ಇಂಥ ಮಠಗಳಲ್ಲಿ ಬಾಯಿಪಾಠವಾಗಿ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದವು. ಆದರೆ ಈ ಮಠಗಳ ಬಾಗಿಲು ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ತೆರೆದಿರಲಿಲ್ಲ. ಕೆಳಗಿನವರೆಂದು ದೂರವಿಡಲಾದ ಜಾತಿಗಳ ಮಕ್ಕಳಿಗಂತೂ ಅಕ್ಷರ ಕೈಗೆಟುಕದ ವಸ್ತುವಾಗಿತ್ತು.

ಹೆಣ್ಣುಮಕ್ಕಳ ಪಾಲಿಗೆ ಈ ಕೊರತೆಯನ್ನು ತುಂಬಲು ಕೈಹಾಕಿದವರಲ್ಲಿ ಮುಖ್ಯರು ಜೇನ್ ರೈಸ್ ಮತ್ತು ಇನ್ನೊಬ್ಬ ಮಿಷನರಿಯ ಪತ್ನಿ ಶ್ರೀಮತಿ ಸ್ಯೂವೆಲ್. ಇವರಿಬ್ಬರೂ 1840ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆಯನ್ನು ತೆರೆದರು. ಮಿಷನ್ ರಸ್ತೆಯ ಮಿತ್ರಾಲಯ ಶಾಲೆಯ ಬೇರು ಇಲ್ಲಿಯೇ ಇದೆ. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಮಹಾರಾಣಿ ಬಾಲಿಕಾ ಶಾಲೆ ಆರಂಭವಾದದ್ದು 1881ರಲ್ಲಿ ಎಂಬುದನ್ನು ನೆನೆದರೆ ಈ ಪ್ರಯತ್ನ ಎಷ್ಟು ಮುಂಚಿನದೆಂಬುದು ತಿಳಿಯುತ್ತದೆ. ಸಂಘದ ಕಾಗದಪತ್ರಗಳಲ್ಲಿ ಮಿಷನರಿಯೆಂದು ದಾಖಲಾಗುತ್ತಿದ್ದವನು ಗಂಡನಾದರೂ, ಮನೆ ಮನೆಗೆ ಹೋಗಿ ತಾಯಂದಿರ ಮನವೊಲಿಸಿ ಹುಡುಗಿಯರನ್ನು ಶಾಲೆಗೆ ಕರೆತರುವಂಥ ಕೆಲಸ ಹೆಂಗಸರಿಂದ ಮಾತ್ರ ಆಗಬಹುದಾಗಿತ್ತು. ಈ ಕಾರಣದಿಂದ ಮಿಷನರಿ ಸೇವೆಯನ್ನು ಒಬ್ಬ ವ್ಯಕ್ತಿಯ ಸಾಧನೆಯೆಂದು ನೋಡದೆ ಇಡೀ ಕುಟುಂಬದ ದುಡಿಮೆಯೆಂದು ನೋಡುವುದು ನ್ಯಾಯ.

ಈ ಶಾಲೆಗಳ ಹಿಂದೆ ಧರ್ಮಪ್ರಸಾರದ ಉದ್ದೇಶವಿದ್ದದ್ದನ್ನು ಮಿಷನರಿಗಳು ಎಂದೂ ಮುಚ್ಚಿಡಲಿಲ್ಲ. ಪಾಠದ ಜೊತೆಗೆ ಬೈಬಲ್ ಬೋಧನೆಯೂ ನಡೆಯುತ್ತಿದ್ದುದರಿಂದ ಮಕ್ಕಳು ಜಾತಿ ಕೆಡುತ್ತಾರೆಂಬ ಅಂಜಿಕೆ ಮನೆಯವರಲ್ಲಿ ಸಹಜವಾಗಿಯೇ ಇತ್ತು. ಆ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಹಾಗೆಯೇ, ಮತಾಂತರದ ಲೆಕ್ಕವೊಂದನ್ನೇ ಹಿಡಿದು ಶಾಲೆಗಳ ಫಲವನ್ನು ಅಳೆಯುವುದೂ ಸರಿಯಲ್ಲ. ಈ ಶಾಲೆಗಳಿಂದ ಹೊರಬಂದ ಬಹುಪಾಲು ಮಕ್ಕಳು ತಮ್ಮ ಮನೆತನದ ಧರ್ಮದಲ್ಲೇ ಉಳಿದು, ಅಕ್ಷರವನ್ನು ಮಾತ್ರ ಜೊತೆಗೊಯ್ದರು. ಕನ್ನಡವನ್ನು ಆಳವಾಗಿ ಕಲಿತಿದ್ದ ತಂದೆ ರೈಸ್ ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿಯೂ ದುಡಿದು, ಅರ್ಧ ಶತಮಾನ ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿ 1887ರಲ್ಲಿ ತೀರಿಕೊಂಡರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಪರರ ಮಕ್ಕಳಿಗೆ ಪಾಠ ಹೇಳುವ ಇಂಥ ಕುಟುಂಬಗಳು ತಮ್ಮ ಮಕ್ಕಳಿಂದ ದೂರವಿರಬೇಕಾಗುತ್ತಿತ್ತು ಎಂಬುದು ಈ ಬದುಕಿನ ಅತ್ಯಂತ ಕಠಿಣವಾದ ಭಾಗ. ಇಲ್ಲಿನ ಜ್ವರ, ಕಾಲರಾಗಳ ಭಯದಿಂದಲೂ ಮುಂದಿನ ಓದಿನ ಅಗತ್ಯದಿಂದಲೂ ಎಳೆಯ ಮಕ್ಕಳನ್ನು ಹಡಗು ಹತ್ತಿಸಿ ತಾಯ್ನಾಡಿಗೆ ಕಳಿಸುವುದು ಆ ಕಾಲದ ವಾಡಿಕೆಯಾಗಿತ್ತು. ಇದಕ್ಕಾಗಿಯೇ ಲಂಡನ್ನಿನ ಬಳಿಯ ವಾಲ್ಥಮ್‌ಸ್ಟೋದಲ್ಲಿ ಮಿಷನರಿಗಳ ಹೆಣ್ಣುಮಕ್ಕಳಿಗಾಗಿ 1838ರಲ್ಲಿಯೂ ಗಂಡುಮಕ್ಕಳಿಗಾಗಿ 1842ರಲ್ಲಿಯೂ ವಸತಿ ಶಾಲೆಗಳು ಆರಂಭವಾದವು. ಮಂಗಳೂರು, ಧಾರವಾಡ, ಕೊಡಗುಗಳಲ್ಲಿ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಮತ್ತು ಸ್ವಿಸ್ ಕುಟುಂಬಗಳ ಮಕ್ಕಳಿಗೂ ಬಾಸೆಲ್ ನಗರದಲ್ಲಿ ಇಂಥದೇ ಮಕ್ಕಳ ಮನೆಯಿತ್ತು. ಹೀಗೆ ಹೋದ ಮಕ್ಕಳು ಅಪ್ಪ ಅಮ್ಮಂದಿರನ್ನು ಮತ್ತೆ ಕಾಣುವ ಹೊತ್ತಿಗೆ ವರ್ಷಗಳೇ ಉರುಳಿರುತ್ತಿದ್ದವು, ಕೆಲವರಿಗೆ ಆ ಭೇಟಿಯ ಭಾಗ್ಯವೇ ಇರಲಿಲ್ಲ.

ಲೂಯಿ ರೈಸ್ ಕೂಡ ಇಂಗ್ಲೆಂಡಿನಲ್ಲಿ ಓದಿದರು, ಆದರೆ 1860ರಲ್ಲಿ ಹುಟ್ಟಿದ ಊರಿಗೇ ಮರಳಿದರು. ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ, ಆಮೇಲೆ ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕರಾಗಿ ಅವರು ಸರಕಾರಿ ಸೇವೆಯಲ್ಲಿ ಬೆಳೆದರು. ಮಕ್ಕಳ ಓದಿನ ಮಟ್ಟಿಗೆ ಅವರ ದೊಡ್ಡ ಕೊಡುಗೆ 1868ರ ಹೋಬಳಿ ಶಾಲೆಗಳ ಯೋಜನೆ. ಹೋಬಳಿಯೆಂದರೆ ತಾಲ್ಲೂಕಿನೊಳಗಿನ ಹಳ್ಳಿಗಳ ಗುಂಪು, ಕಿಗ್ಗವೂ ಇಂದು ಶೃಂಗೇರಿ ತಾಲ್ಲೂಕಿನ ಒಂದು ಹೋಬಳಿ. ಪ್ರತಿಯೊಂದು ಹೋಬಳಿಯಲ್ಲೂ ಕನ್ನಡದ ಪ್ರಾಥಮಿಕ ಶಾಲೆಯೊಂದಿರಬೇಕು, ಸಾಧ್ಯವಾದ ಮಟ್ಟಿಗೆ ಆಯಾ ಹೋಬಳಿಯವರನ್ನೇ ಆರಿಸಿ ನಾರ್ಮಲ್ ಶಾಲೆಯಲ್ಲಿ, ಅಂದರೆ ಉಪಾಧ್ಯಾಯರನ್ನು ತಯಾರು ಮಾಡುವ ಶಾಲೆಯಲ್ಲಿ, ತರಬೇತಿ ಕೊಟ್ಟು ಮೇಷ್ಟ್ರನ್ನಾಗಿ ನೇಮಿಸಬೇಕು ಎಂಬುದು ಅದರ ತಿರುಳು. ತಂದೆ ತಾಯಿ ಪೇಟೆಯ ಕೆಲವೇ ಬೀದಿಗಳಲ್ಲಿ ಮಾಡಿದ್ದ ಕೆಲಸವು ಮಗನ ಕಾಲದಲ್ಲಿ, ಮತಬೋಧನೆಯ ಹಂಗಿಲ್ಲದೆ, ಸರಕಾರದ ಹೊಣೆಯಾಗಿ ಹಳ್ಳಿಗಾಡಿಗೆ ಹರಡಿತು.

ಶಾಲೆಗಳ ತನಿಖೆಗಾಗಿ ಊರೂರು ಸುತ್ತುತ್ತಿದ್ದಾಗ ದೇವಸ್ಥಾನದ ಅಂಗಳಗಳಲ್ಲಿ, ಕೆರೆಯ ಏರಿಗಳಲ್ಲಿ ನಿಂತ ಬರಹದ ಕಲ್ಲುಗಳು ಅವರ ಗಮನ ಸೆಳೆದವು. ಮೇಜರ್ ಡಿಕ್ಸನ್ ತೆಗೆದಿದ್ದ ಛಾಯಾಚಿತ್ರಗಳನ್ನು ಆಧರಿಸಿ ಅವರು 1879ರಲ್ಲಿ ಮೈಸೂರಿನ ಶಾಸನಗಳ ಸಂಕಲನವೊಂದನ್ನು ಪ್ರಕಟಿಸಿದರು. ಮುಂದೆ ಸಂಸ್ಥಾನದ ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರಾಗಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಹೊರತಂದು 1906ರಲ್ಲಿ ನಿವೃತ್ತರಾದರು. ಶಾಸನದ ಪಡಿಯಚ್ಚು ತೆಗೆಯುವ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಕಲ್ಲಿನ ಹಾವಸೆಯನ್ನು ಉಜ್ಜಿ ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕಾಗದವು ಅಕ್ಷರದ ಕುಳಿಗಳೊಳಗೆ ಇಳಿಯುವಂತೆ ಕುಂಚದಿಂದ ಬಡಿದು, ಅರೆ ಒಣಗಿದ ಮೇಲೆ ಮಸಿಯ ಉಂಡೆಯನ್ನು ಒತ್ತುತ್ತಾ ಹೋದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಈ ಕೆಲಸದಲ್ಲಿಯೂ ಹಳಗನ್ನಡದ ಅರ್ಥನಿರ್ಣಯದಲ್ಲಿಯೂ ರೈಸ್ ಅವರಿಗೆ ಕನ್ನಡ ಪಂಡಿತರ ನೆರವಿತ್ತು. ಅವರಲ್ಲಿ ಆರ್. ನರಸಿಂಹಾಚಾರ್ಯರು ರೈಸ್ ಅವರ ತರುವಾಯ ಇಲಾಖೆಯ ಹೊಣೆ ಹೊತ್ತರು.

ಕಡೂರು ಜಿಲ್ಲೆಯ, ಅಂದರೆ ಈಗಿನ ಚಿಕ್ಕಮಗಳೂರು ಸೀಮೆಯ ಶಾಸನಗಳು ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟವಾದವು. ಅದರಲ್ಲಿ ಕೊಪ್ಪ ತಾಲ್ಲೂಕಿನ ವಿಭಾಗದಲ್ಲಿ ಕಿಗ್ಗದ ಶಾಸನಗಳಿವೆ. ಅವುಗಳಲ್ಲಿ ಏಳನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ ಬರಹವು ಗುಣಸಾಗರನೆಂಬ ಬಿರುದಿನ ಆಳುವರಸನನ್ನೂ ಅವನ ಮಗ ಚಿತ್ರವಾಹನನನ್ನೂ ಹೆಸರಿಸಿ, ಇಲ್ಲಿನ ದೇವರಿಗೆ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ಘಟ್ಟದ ಕೆಳಗಿನ ಅರಸರ ಅಧಿಕಾರ ಅಷ್ಟು ಹಿಂದೆಯೇ ಘಟ್ಟದ ಮೇಲಿನ ಕಾಡುಗಳವರೆಗೆ ಚಾಚಿತ್ತೆಂಬುದಕ್ಕೆ ಇದು ಆಧಾರ. ಒಬ್ಬ ಪಾದ್ರಿಯ ಮಗ ಶಿವಾಲಯದ ಬರಹವನ್ನು ಇಷ್ಟು ಶ್ರದ್ಧೆಯಿಂದ ಕಾಪಾಡಿದ್ದು, ಅವರ ತಮ್ಮ ಎಡ್ವರ್ಡ್ ಪೀಟರ್ ರೈಸ್ ಮಿಷನರಿಯಾಗಿದ್ದುಕೊಂಡೇ ಜೈನ, ವೀರಶೈವ, ವೈಷ್ಣವ ಕವಿಗಳ ಕೃತಿಗಳನ್ನೆಲ್ಲ ಓದಿ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಬರೆದದ್ದು, ಇವೆರಡೂ ಒಂದೇ ಮನೆಯ ಸಂಸ್ಕಾರದಿಂದ ಬಂದವು. ಇಲ್ಲಿನ ಮಕ್ಕಳಿಗೆ ಇಲ್ಲಿನ ಭಾಷೆಯಲ್ಲೇ ಕಲಿಸಬೇಕೆಂದು ಹೊರಟ ಮನೆತನಕ್ಕೆ ಆ ಭಾಷೆಯ ಹಿರಿಮೆಯನ್ನು ತಾನೂ ಕಲಿಯದೆ ಗತ್ಯಂತರವಿರಲಿಲ್ಲ. ಹೊರಗಿನಿಂದ ಬಂದು ಮಕ್ಕಳ ಸೇವೆಗೆ ನಿಲ್ಲುವ ಯಾರಿಗೇ ಆಗಲಿ, ಅವರ ಧರ್ಮ ಯಾವುದೇ ಇರಲಿ, ಕಲಿಸುವ ಮುನ್ನ ಕಲಿಯುವ ಈ ಗುಣ ಬೇಕು. ಕಿಗ್ಗದ ಸುತ್ತಲಿನ ಶಾಲೆಗಳ ಮಕ್ಕಳಿಗೆ ಅವರದೇ ಊರಿನ ಈ ಕಲ್ಲುಗಳ ಪಾಠವನ್ನು ಹೇಳಿಕೊಡುವುದು ಆ ಮನೆತನಕ್ಕೆ ಸಲ್ಲಿಸಬಹುದಾದ ಯೋಗ್ಯವಾದ ಗೌರವ.