ಗಣಕಯಂತ್ರಕ್ಕೆ ಧೂಳಿನಿಂದಲೂ ಸಡಿಲ ಕೂಡಿಕೆಗಳಿಂದಲೂ ಆಗುವ ಹಾನಿ

ಕಣದಲ್ಲಿ ರಾಗಿ ತೂರುವ ಕಾಲಕ್ಕೆ ಹೊಟ್ಟೂ ಧೂಳೂ ಊರನ್ನೆಲ್ಲ ಆವರಿಸುವುದು ಸರ್ವರಿಗೂ ವಿದಿತವಾದ ವಿಷಯ. ಅದೇ ಧೂಳು ಪಂಚಾಯತಿ ಕಚೇರಿ, ಸಹಕಾರ ಸಂಘ, ಹಾಲಿನ ಡೈರಿಗಳಲ್ಲಿರುವ ಗಣಕಯಂತ್ರಗಳೊಳಕ್ಕೂ ಸೇರುವುದನ್ನು ಗಮನಿಸುವವರು ವಿರಳ. ಭೂಮಿ ಯೋಜನೆಯಿಂದ ಕರ್ನಾಟಕದ ಪಹಣಿಗಳು ಗಣಕೀಕೃತವಾಗಿರುವುದರಿಂದ, ಸಾಲದ ಅರ್ಜಿಗೆ ಕಡೆಯ ದಿನದಂದು ಯಂತ್ರವು ನಿಂತುಹೋದರೆ ನಷ್ಟವು ರೈತನಿಗೇ.

ಈ ತೊಂದರೆಯು ಹೊಸದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ನಿರ್ಮಿಸಿದ ಮಾರ್ಕ್ 2 ಎಂಬ ಗಣಕಯಂತ್ರವು 1947ನೆಯ ಇಸವಿಯಲ್ಲಿ ಕೆಟ್ಟಾಗ, ಅದರ ರಿಲೇಯೊಂದರಲ್ಲಿ ಪತಂಗವು ಸಿಕ್ಕಿಕೊಂಡಿದ್ದುದು ಕಂಡುಬಂದಿತು.

ಪ್ರೊಸೆಸರು ಕೆಲಸ ಮಾಡುವಾಗ ಬಿಸಿಯಾಗುವುದು. ಆ ಶಾಖವನ್ನು ಲೋಹದ ತೆಳು ರೆಕ್ಕೆಗಳೂ ಫ್ಯಾನೂ ಹೊರಕ್ಕೆ ಸಾಗಿಸುವುವು. ರೆಕ್ಕೆಗಳ ಸಂದುಗಳಲ್ಲಿ ಧೂಳು ತುಂಬಿದರೆ ಗಾಳಿಯಾಡದೆ ಶಾಖವೇರುವುದು. ಮೊದಲು ಯಂತ್ರವು ನಿಧಾನವಾಗಿ, ಬಳಿಕ ತಾನಾಗಿಯೇ ಆರಿಹೋಗುವುದು. ಮಳೆಗಾಲದಲ್ಲಿ ಧೂಳು ತೇವವನ್ನು ಹೀರಿ, ವಿದ್ಯುತ್ತು ಹರಿಯಬಾರದೆಡೆ ಹರಿಯುವಂತೆ ಮಾಡುವುದೂ ಉಂಟು.

ಸಡಿಲ ಕೂಡಿಕೆಯ ಕೇಡು ಇನ್ನೂ ಗುಪ್ತವಾದುದು. ಯಂತ್ರವು ಕಾದು ಆರುವುದರಿಂದ ಭಾಗಗಳು ಹಿಗ್ಗಿ ಕುಗ್ಗಿ, ಕೂಡಿಕೆಗಳು ಕ್ರಮೇಣ ಅಲುಗುವುವು. ಕೂಡಿಕೆಯೊಂದರಲ್ಲಿ ಓಮಿನ ಹತ್ತನೆಯ ಒಂದು ಭಾಗದಷ್ಟು ತಡೆಯಿದ್ದು, 5 ಆಂಪಿಯರ್ ವಿದ್ಯುತ್ತು ಹರಿದರೆ, ಅರ್ಧ ವೋಲ್ಟು ನಷ್ಟವಾಗುವುದು. 5 ವೋಲ್ಟು ಬೇಕಾದೆಡೆ ನಾಲ್ಕೂವರೆಯೇ ದೊರೆತರೆ ಯಂತ್ರವು ತಪ್ಪು ಮಾಡುವುದು ಸಹಜ. ಸಾಲದುದಕ್ಕೆ, ಆ ಕೂಡಿಕೆಯು ಕಾದು ಮತ್ತಷ್ಟು ಕೆಡುವುದು. ಇಂತಹ ದೋಷವು ಒಮ್ಮೆ ತೋರಿ ಒಮ್ಮೆ ಮರೆಯಾಗುವುದರಿಂದ, ಒಳ್ಳೆಯ ಭಾಗವನ್ನೇ ಕೆಟ್ಟಿತೆಂದು ಬದಲಾಯಿಸಿ ಹಣ ಕಳೆದುಕೊಳ್ಳುವ ಸಂಭವವಿದೆ.

ಆದುದರಿಂದ ಈ ಕ್ರಮಗಳನ್ನು ಅನುಸರಿಸತಕ್ಕದ್ದು. ಯಂತ್ರವನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಬೇಕು. ಹಿಂಬದಿಯಲ್ಲಿ ಗಾಳಿಯಾಡಲು ಸ್ಥಳ ಬಿಡಬೇಕು. ಸುಗ್ಗಿ ಮುಗಿದೊಡನೆ ತಪ್ಪದೆ ಶುಚಿಗೊಳಿಸಬೇಕು. ಮೊದಲು ಯಂತ್ರವನ್ನು ಆರಿಸಿ ಪ್ಲಗ್ಗನ್ನು ಕಿತ್ತು, ಫ್ಯಾನು ತಿರುಗದಂತೆ ಹಿಡಿದು, ಒಣಗಾಳಿಯಿಂದ ಧೂಳನ್ನು ಊದಬೇಕು. ಒದ್ದೆ ಬಟ್ಟೆಯನ್ನು ಒಳಗೆ ಉಪಯೋಗಿಸಕೂಡದು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಬಿಚ್ಚಲೇಕೂಡದು. ಪ್ಲಗ್ಗು ಕಿತ್ತಮೇಲೂ ಅದರಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಬಳಿಕ ಹೊರಗಿನ ತಂತಿಗಳನ್ನೆಲ್ಲ ಬಿಗಿಯಾಗಿ ಕೂಡಿಸಬೇಕು. ಒಳಗಿನ ಕೂಡಿಕೆಗಳನ್ನು ತಿಳಿದವರಿಂದಲೇ ಪರೀಕ್ಷಿಸಿಸುವುದು ಲೇಸು.

ನೇಗಿಲನ್ನು ಮಣ್ಣು ಒರಸಿ ಎತ್ತಿಡುವ ರೈತನಿಗೆ ಇದನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ಗ್ರಾಮಪ್ರಮುಖರು ವರ್ಷಕ್ಕೆರಡು ದಿನ ಈ ಕೆಲಸಕ್ಕೆ ಗೊತ್ತುಮಾಡಿದರೆ, ಊರಿನ ಲೆಕ್ಕಪತ್ರಗಳು ವೇಳೆಗೆ ಸರಿಯಾಗಿ ದೊರೆಯುವುವು.