ಗೆರೆ ಎಳೆದ ಪ್ಲಾಸ್ಟಿಕ್ ಹಾಳೆ: ಬೆಳಗಾವಿಯ ಬೆರಗು

ಒಂದು ಪ್ಲಾಸ್ಟಿಕ್ ಹಾಳೆ. ಮೇಲ್ತುದಿಯಲ್ಲಿ ಬಾಣಂತಿಯ ಸೊಂಟಕ್ಕೆ ಕಟ್ಟಲು ಪಟ್ಟಿ, ಕೆಳಗೆ ಇಳಿಬಿದ್ದ ಆಲಿಕೆಯಾಕಾರದ ಚೀಲ, ಚೀಲದ ಮೈಮೇಲೆ ಮಿಲಿಲೀಟರಿನ ಗೆರೆಗಳು. ಇಷ್ಟೇ! ಬ್ಯಾಟರಿ ಇಲ್ಲ, ಕರೆಂಟು ಬೇಡ. ಆದರೆ ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರನ್ನು ಉಳಿಸಲು ಜಗತ್ತು ಇಂದು ಕೈಗೆತ್ತಿಕೊಂಡಿರುವುದು ಇಂಥದೇ ಹಾಳೆಯನ್ನು. ಅದರ ಬೇರು ಹುಡುಕುತ್ತ ಹೋದರೆ ಸಿಗುವ ಊರು ನಮ್ಮ ಬೆಳಗಾವಿ!

ಮೊದಲು ಒಡಲೊಳಗಿನ ಅಚ್ಚರಿ ನೋಡಿ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತದೆ. ಮಗು ಬಂದು, ಕಸ ಬಿದ್ದೊಡನೆ, ಕಸ ಅಂಟಿದ್ದ ಜಾಗದಲ್ಲಿ ಎಷ್ಟೋ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಅವನ್ನು ಮುಚ್ಚುವವರು ಯಾರು? ಗರ್ಭಕೋಶವೇ! ಅಡ್ಡಡ್ಡ ಹೆಣೆದುಕೊಂಡ ಅದರ ಸ್ನಾಯುಗಳು ಬಿಗಿದು, ನಡುವೆ ಹಾದ ಒಂದೊಂದು ನಾಳವನ್ನೂ ಜೀರುಗುಣಿಕೆ ಹಾಕಿದ ಹಾಗೆ ಹಿಸುಕಿಬಿಡುತ್ತವೆ. ಆ ಬಿಗಿತ ಬಾರದಿದ್ದರೆ ಕೆಲವೇ ತಾಸುಗಳಲ್ಲಿ ಜೀವ ಹೋಗಬಹುದು.

ಅರ್ಧ ಲೀಟರ್ ದಾಟಿದರೆ ಅಪಾಯ ಎಂದು ವೈದ್ಯರಿಗೆಲ್ಲ ಗೊತ್ತಿತ್ತು. ದಾಟಿತೋ ಇಲ್ಲವೋ ಎಂದು ತಿಳಿಯುತ್ತಿದ್ದುದು ಹೇಗೆ? ಕಣ್ಣಂದಾಜಿನಲ್ಲಿ! ಬಟ್ಟೆಯಲ್ಲಿ ಇಂಗಿದ್ದು, ನೆಲಕ್ಕೆ ಸೋರಿದ್ದು, ಹತ್ತಿಯ ಜೊತೆ ಬುಟ್ಟಿ ಸೇರಿದ್ದು ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಬೆಳಗಾವಿಯ ಜಿಲ್ಲಾಸ್ಪತ್ರೆಯಲ್ಲಿ 123 ಬಾಣಂತಿಯರ ಅಧ್ಯಯನ ನಡೆಯಿತು. ಕೆಲವರಿಗೆ ಕಣ್ಣಂದಾಜು, ಕೆಲವರಿಗೆ ಸಂಶೋಧಕರೇ ರೂಪಿಸಿದ ಗೆರೆ ಹಾಳೆ. 2006ರಲ್ಲಿ ಫಲಿತಾಂಶ ಬಂತು: ಹಾಳೆಯ ಅಳತೆಗಿಂತ ಕಣ್ಣಿನ ಲೆಕ್ಕ ಶೇ 33ರಷ್ಟು ಕಡಿಮೆ! ತಲೆತಲಾಂತರದಿಂದ ಹೆರಿಗೆ ಕೋಣೆಗಳಲ್ಲಿ ಹೀಗೆ ಎಷ್ಟು ರಕ್ತ ಲೆಕ್ಕ ತಪ್ಪಿ ಹೋಗಿರಬೇಡ!

ಅದೇ ವರ್ಷ ಅದೇ ಊರಿನಿಂದ ಇನ್ನೊಂದು ಬೆರಗು. ಸ್ರಾವ ತಡೆಯುವ ಆಕ್ಸಿಟೋಸಿನ್‌ಗೆ ಸೂಜಿ ಬೇಕು, ತಂಪು ಬೇಕು. ಮಿಸೊಪ್ರೊಸ್ಟಾಲ್ ಗುಳಿಗೆಗೆ ಎರಡೂ ಬೇಡ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ ಇದನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಂದಿಯಲ್ಲಿ ಪರೀಕ್ಷಿಸಿದರು. ಕೊಟ್ಟವರು ದೊಡ್ಡ ಡಾಕ್ಟರರಲ್ಲ. ಮನೆಗೂ ಉಪಕೇಂದ್ರಕ್ಕೂ ಓಡಾಡುವ ಎಎನ್‌ಎಂ ಸಿಸ್ಟರುಗಳು! ಅಳೆದದ್ದು ಇದೇ ಗೆರೆ ಹಾಳೆಯಲ್ಲಿ. ಅತಿಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗರ್ಭಪಾತಕ್ಕೂ ಅದೇ ಗುಳಿಗೆ ಬಳಕೆಯಾಗುವುದರಿಂದ ಅನೇಕ ದೇಶಗಳಲ್ಲಿ ಅದರ ಸುತ್ತ ರಾಜಕೀಯದ ಬೇಲಿ ಇದೆ. ಆ ಬೇಲಿ ದಾಟಲಾಗದೆ ರಕ್ತ ಕಳೆದುಕೊಳ್ಳುವವಳು ಬಡವಿ.

ಹಾಳೆ ಅಲ್ಲಿಗೇ ನಿಲ್ಲಲಿಲ್ಲ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ 'ಇ-ಮೋಟಿವ್' ಪ್ರಯೋಗ ನಡೆದು 2023ರಲ್ಲಿ ಪ್ರಕಟವಾಯಿತು. ಗೆರೆ ಹಾಳೆಯಲ್ಲಿ ಅಳೆಯುವುದು. ಗೆರೆ ದಾಟಿದ್ದು ಕಂಡೊಡನೆ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ತಪಾಸಣೆ ಎಲ್ಲವನ್ನೂ ಕಾಯದೆ ಒಟ್ಟಿಗೇ ಮಾಡುವುದು. ಕಣ್ಣಂದಾಜಿನ ಆಸ್ಪತ್ರೆಗಳಲ್ಲಿ ಅತಿಸ್ರಾವದ ಅರ್ಧದಷ್ಟು ಪ್ರಕರಣಗಳಷ್ಟೇ ಪತ್ತೆಯಾದರೆ ಇಲ್ಲಿ ಶೇ 93! ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಸಾವು, ಇವೆಲ್ಲ ಸೇರಿ ಶೇ 4.3ರಿಂದ 1.6ಕ್ಕೆ ಇಳಿದವು.

ಇಷ್ಟು ಸರಳವಾದದ್ದಕ್ಕೆ ಇಷ್ಟು ವರ್ಷ ಏಕೆ? "ಹೆರಿಗೆ ಅಂದಮೇಲೆ ರಕ್ತ ಹೋಗೋದೇ" ಎಂಬ ನಮ್ಮೆಲ್ಲರ ಮಾತೇ ಕಾರಣ ಎನ್ನುತ್ತೇನೆ ನಾನು. ಹೆಣ್ಣಿನ ರಕ್ತ ಅಳೆಯುವಷ್ಟು ಮುಖ್ಯ ಎಂದು ಯಾರಿಗೂ ಅನ್ನಿಸಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ. ಮೊದಲೇ ರಕ್ತ ಕಡಿಮೆಯಿರುವ ಮೈಗೆ ಅರ್ಧ ಲೀಟರ್ ಹೋಗುವವರೆಗೂ ಕಾಯುವ ಶಕ್ತಿ ಎಲ್ಲಿದೆ?

ನಿಮ್ಮ ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಸೇರಿಸುವಾಗ ಕೂಸಿನ ತೂಕ ಕೇಳುವಷ್ಟೇ ಸಲಿಗೆಯಿಂದ ಇದನ್ನೂ ಕೇಳಿ: "ರಕ್ತ ಎಷ್ಟು ಹೋಯಿತು ಅಂತ ಅಳೆಯುತ್ತೀರಾ, ಸಿಸ್ಟರ್?"