ಮುಚ್ಚಿದ ಕೋಣೆಯ ಇದ್ದಲು: ಒಂದು ಲೆಕ್ಕ

ಚಳಿಗಾಲ ಬಂತೆಂದರೆ, ದೆಹಲಿಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಇದ್ದಲಿನ ಅಂಗೀಠಿಯನ್ನು ಒಳಗಿಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲವೆಂಬ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಕೋಣೆಯ ಆಮ್ಲಜನಕವನ್ನೆಲ್ಲ ಕೆಂಡ ತಿಂದುಬಿಟ್ಟಿತೆಂದು ಜನ ಆಡಿಕೊಳ್ಳುವುದುಂಟು. ಈ ಮಾತು ನಿಜವೇ? ವಾಚಕರು ಪೆನ್ಸಿಲೊಂದನ್ನು ಕೈಗೆ ತೆಗೆದುಕೊಂಡರೆ ಲೆಕ್ಕ ಹಾಕಿಯೇ ನೋಡಬಹುದು.

ರಸಾಯನ ಸಮೀಕರಣವೆಂಬುದು ನಾವು ಗಿರಣಿಯಲ್ಲಿ ಬರೆಯುವ ಜಮಾ-ಖರ್ಚಿನಂತೆಯೇ. ಎರಡು ಬದಿಯೂ ತಾಳೆಯಾಗಬೇಕು. ಇದ್ದಲು ಬಹುಪಾಲು ಇಂಗಾಲ. ಚೆನ್ನಾಗಿ ಉರಿದಾಗ ಇಂಗಾಲದ ಒಂದು ಪರಮಾಣುವಿಗೆ ಆಮ್ಲಜನಕದ ಒಂದು ಅಣು ಸೇರಿ ಕಾರ್ಬನ್ ಡೈಆಕ್ಸೈಡಿನ ಒಂದು ಅಣುವಾಗುತ್ತದೆ. ಗಾಳಿ ಸಾಲದಾದಾಗ ಎರಡು ಪರಮಾಣುಗಳಿಗೆ ಆಮ್ಲಜನಕದ ಒಂದೇ ಅಣು ಸಿಕ್ಕಿ, ಕಾರ್ಬನ್ ಮಾನಾಕ್ಸೈಡಿನ ಎರಡು ಅಣುಗಳಾಗುತ್ತವೆ.

ಇನ್ನು ತೂಕದಿಂದ ಗಾತ್ರಕ್ಕೆ ಹೋಗಬೇಕು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಒಂದೇ ಎಂದು ಇಟಲಿಯ ಅವೊಗಾಡ್ರೋ 1811ರಲ್ಲಿ ಹೇಳಿದನು. ಡಜನ್ನಿನಂತೆ ಮೋಲ್ ಕೂಡ ಒಂದು ಎಣಿಕೆ, ಆದರೆ ಬಹು ದೊಡ್ಡದು. ಇಂಗಾಲದ ಒಂದು ಮೋಲ್ 12 ಗ್ರಾಂ ತೂಗುತ್ತದೆ. ಅನಿಲ ಯಾವುದೇ ಇರಲಿ, ಅದರ ಒಂದು ಮೋಲ್ ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಸುಮಾರು 24 ಲೀಟರ್ ಜಾಗ ಹಿಡಿಯುತ್ತದೆ.

ನಮ್ಮ ಕೋಣೆ ಉದ್ದ, ಅಗಲ, ಎತ್ತರ ಮೂರೂ 10 ಅಡಿಯೆನ್ನೋಣ. ಅಂದರೆ 1,000 ಘನ ಅಡಿ, ಸುಮಾರು 28,300 ಲೀಟರ್ ಗಾಳಿ. ಅದರಲ್ಲಿ ನೂರಕ್ಕೆ 21ರಂತೆ ಆಮ್ಲಜನಕ ಸುಮಾರು 5,900 ಲೀಟರ್. ಅಂಗೀಠಿಯಲ್ಲಿ 120 ಗ್ರಾಂ ಇಂಗಾಲ ಉರಿಯಿತು. ಅದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಮಾನಾಕ್ಸೈಡ್ ಆಯಿತೆಂದು ಹಿಡಿಯೋಣ. ಸಂದಿಗಳಲ್ಲಿ ಹೋಗಿಬರುವ ಗಾಳಿಯನ್ನು ಲೆಕ್ಕಕ್ಕೆ ತಂದಿಲ್ಲ.

ಚೆನ್ನಾಗಿ ಉರಿದ 108 ಗ್ರಾಂ ಎಂದರೆ 9 ಮೋಲ್. ಅದಕ್ಕೆ 9 ಮೋಲ್, ಅಂದರೆ 216 ಲೀಟರ್ ಆಮ್ಲಜನಕ ಬೇಕು. ಉಳಿದ 12 ಗ್ರಾಮಿಗೆ ಅರ್ಧ ಮೋಲ್, 12 ಲೀಟರ್. ಒಟ್ಟು ಖರ್ಚು 228 ಲೀಟರ್. 5,900ರಲ್ಲಿ ಇದು ನೂರಕ್ಕೆ ನಾಲ್ಕೂ ಆಗಲಿಲ್ಲ! ಆಮ್ಲಜನಕ ಧಾರಾಳವಾಗಿದೆ, ಕೆಂಡವೂ ಆರುವುದಿಲ್ಲ.

ಆದರೆ ಆ 12 ಗ್ರಾಮಿನಿಂದ ಹುಟ್ಟಿದ ಮಾನಾಕ್ಸೈಡ್ 24 ಲೀಟರ್: ಗಾಳಿಯ ಸುಮಾರು 1,200 ಪಾಲಿಗೆ ಒಂದು ಪಾಲು. ಕೊಲ್ಲುವುದು ಇದು. ಇಂಥ ಗಾಳಿಯನ್ನು ಮುಕ್ಕಾಲು ಗಂಟೆ ಉಸಿರಾಡಿದರೆ ತಲೆನೋವು, ತಲೆಸುತ್ತು, ವಾಕರಿಕೆ. ಎರಡು ಮೂರು ಗಂಟೆಗಳಲ್ಲಿ ಪ್ರಾಣವೇ ಹೋಗಬಹುದು. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಮಿಗಿಲಾಗಿ ಬಿಗಿಹಿಡಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನಿಗೆ ಎಚ್ಚರವಾಗುವ ಬಗೆಯೆಂತು? ಹೊಗೆ ಹೋಗಿ ಕೆಂಡ ನಿಗಿನಿಗಿ ಎಂದಮೇಲೆ ಭಯವಿಲ್ಲವೆಂಬುದು ಬರಿಯ ಭ್ರಮೆ.

8 ಅಡಿಯ ಕೋಣೆಯಾದರೆ ಗಾಳಿ 14,500 ಲೀಟರ್ ಮಾತ್ರ. ಅದೇ 24 ಲೀಟರ್ ಆಗ 600ಕ್ಕೆ ಒಂದು ಪಾಲಾಗುತ್ತದೆ. ವಾಚಕರು ತಮ್ಮ ತಮ್ಮ ಕೋಣೆಯನ್ನು ಅಳೆದುಕೊಳ್ಳಬಹುದು. ಪಕ್ಕದಲ್ಲಿ ಬಕೆಟ್ ನೀರಿಟ್ಟರೆ ಸಾಕೆನ್ನುವವರೂ ಇದ್ದಾರೆ. ಈ ಅನಿಲ ನೀರಿನಲ್ಲಿ ಕರಗುವುದು ಅತ್ಯಲ್ಪ. ಮಲಗುವ ಮುಂಚೆ ಅಂಗೀಠಿಯನ್ನು ಹೊರಗಿಡಬೇಕು. ಕೆಂಡವಿರುವ ಕೋಣೆಯಲ್ಲಿ ತಲೆನೋವು ಬಂದರೆ ಎಲ್ಲರೂ ತಕ್ಷಣ ಹೊರಗೆ ಬಂದು, ಆಸ್ಪತ್ರೆಗೆ ಹೋಗಬೇಕು.